ಚಕಲ್ತಾಯದ ಶನಿವಾರ, ಭಾನುವಾರಗಳು

ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿರೋ ಚಕಲ್ತಾಯ ಬೆಟ್ಟದ ಫೋಟೋ ನಿಮ್ಮಲ್ಲಿ ಕೆಲವರಾದರೂ ನೋಡಿರ್ತೀರಿ. ಬೋಳು ಕಲ್ಲು, ಅಂಚಿಗೆ ಅಂಟಿಕೊಂಡ ಹಾಗಿರೋ ಒಂದು ಕಟ್ಟಡ, ನಿಂತುಹೋದ ಎಳೆಯುವ ಯಂತ್ರ. ಕೆಳಗೆ ಒಂದು ಸಾಲು: ಹಿಮನದಿ ಕರಗಿ ಸತ್ತ ಸ್ಕೀ ತಾಣ. ಅದು ನಿಜವೇ. ಆದರೆ ಅಲ್ಲಿ ಎಪ್ಪತ್ತು ವರ್ಷ ಜನ ಹಿಮದ ಮೇಲೆ ಜಾರಿ ಆಡಿದ್ದರಲ್ಲ, ಆ ಮಾತು ಬರೋದೇ ಅಪರೂಪ. ನಾನು ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವನು. ಒಂದು ಜಾಗವನ್ನ ಬರೀ ಅದರ ಸಾವಿನಿಂದಲೇ ಪರಿಚಯ ಮಾಡಿಸೋದು ನನಗೆ ಸಹಿಸೋಕಾಗಲ್ಲ.

ಲಾ ಪಾಜ್ ನಗರದಿಂದ ಸುಮಾರು 30 ಕಿಲೋಮೀಟರ್. ನಗರವೇ 3,600 ಮೀಟರ್ ಎತ್ತರದಲ್ಲಿದೆ, ಬೆಟ್ಟದ ತುದಿ 5,400ರ ಹತ್ತಿರ. ಎವರೆಸ್ಟಿನ ಟಿಬೆಟ್ ಕಡೆಯ ಬೇಸ್ ಕ್ಯಾಂಪ್ ಕೂಡ ಇದಕ್ಕಿಂತ ತಗ್ಗಿನಲ್ಲಿದೆ. ಅಷ್ಟು ಮೇಲಕ್ಕೆ 1930ರ ದಶಕದಲ್ಲೇ ರಸ್ತೆ ಕಡಿದರು. ಅಲ್ಲಿನ ಪರ್ವತಾರೋಹಿಗಳ ಸಂಘ, ಕ್ಲಬ್ ಆಂದಿನೋ ಬೊಲಿವಿಯಾನೋ, ಹುಟ್ಟಿದ್ದು 1939ರಲ್ಲಿ. ಅದೇ ಕಾಲಕ್ಕೆ ಒಂದು ಕಾರಿನ ಎಂಜಿನ್ ತಂದು ಇಳಿಜಾರಿನಲ್ಲಿ ಕೂರಿಸಿ, ಅದರಿಂದ ಹಗ್ಗ ಎಳೆಸಿದರು. ಸ್ಕೀ ಆಡುವವರನ್ನ ಹಗ್ಗದಿಂದ ಮೇಲಕ್ಕೆಳೆಯುವ ಯಂತ್ರ ದಕ್ಷಿಣ ಅಮೆರಿಕದಲ್ಲಿ ಅದೇ ಮೊದಲು.

ಆ ಎಂಜಿನ್ ಬಗ್ಗೆ ಸ್ವಲ್ಪ ಯೋಚನೆ ಮಾಡಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರೋದರ ಅರ್ಧದಷ್ಟೇ. ಮನುಷ್ಯನಿಗೆ ಏದುಸಿರು ಬರೋ ಹಾಗೆ ಎಂಜಿನ್ನಿಗೂ ಬರುತ್ತೆ. ಕೂರೋಕೆ ಕುರ್ಚಿ ಇಲ್ಲ. ಓಡುತ್ತಿರುವ ಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿ, ಕಾಲು ಗಟ್ಟಿಯಾಗಿ ಊರಿ, ಅದು ಎಳೆದ ಕಡೆ ಹೋಗಬೇಕು. ವೇಗ ಬೇರೆ ಜಾಸ್ತಿ, ಬಿದ್ದವರಿಗೆ ಲೆಕ್ಕವಿಲ್ಲ. ಒಂದು ಸಲ ಕೆಳಗೆ ಜಾರಿದ ಮೇಲೆ ಮತ್ತೆ ಮೇಲೆ ಹೋಗೋದೇ ಅರ್ಧ ಸಾಹಸ. ದೇಶಕ್ಕೆಲ್ಲ ಇದ್ದದ್ದು ಇದೊಂದೇ ಸ್ಕೀ ತಾಣ. ಅಲ್ಲಿನ ಚಳಿಗಾಲ ಜೂನ್‌ನಿಂದ ಆಗಸ್ಟ್; ಆಗ ನಿಲ್ಲೋಕಾಗದಷ್ಟು ಕೊರೆಯೋ ಚಳಿ, ಹಾಗಾಗಿ ಹಗ್ಗ ತಿರುಗುತ್ತಿದ್ದದ್ದು ಹೆಚ್ಚಾಗಿ ನವೆಂಬರಿನಿಂದ ಮಾರ್ಚ್‌ವರೆಗೆ, ಅದೂ ಶನಿವಾರ, ಭಾನುವಾರ ಮಾತ್ರ. ಬೆಳಗ್ಗೆ ನಗರದಿಂದ ಹೊರಟರೆ ಸಂಜೆಗೆ ಮನೆ ಸೇರಬಹುದು.

ಆ ತಿಂಗಳುಗಳು ಅಲ್ಲಿ ಮಳೆಗಾಲ. ಹಿಮನದಿಗೆ ಹೊಸ ಹಿಮ ಸಿಗೋದೂ ಆಗಲೇ, ಅದು ಹೆಚ್ಚು ಕರಗೋದೂ ಆಗಲೇ. ಮೋಡ ಕಟ್ಟಿ ಹಿಮ ಬಿದ್ದರೆ ಆ ಬಿಳುಪೇ ಬಿಸಿಲನ್ನ ತಿರುಗಿಸಿ ಕಳಿಸುತ್ತೆ. ಪೆಸಿಫಿಕ್ ಸಾಗರದ ನೀರು ಕಾದು ಹವಾಮಾನ ಏರುಪೇರಾಗುವ ಎಲ್ ನಿನ್ಯೋ ವರ್ಷಗಳಲ್ಲಿ ಮೋಡ ಕೈಕೊಟ್ಟರೆ ಮಾಸಿದ ಹಳೆಯ ಮಂಜುಗಡ್ಡೆ ಬಿಸಿಲನ್ನೆಲ್ಲ ಹೀರಿಕೊಳ್ಳುತ್ತೆ. ಭೂಮಿ ಕಾಯುತ್ತಾ ಬಂದ ಮೇಲಂತೂ ಹೋದದ್ದು ಮತ್ತೆ ತುಂಬಲೇ ಇಲ್ಲ. ಹಿಮನದಿ ಚಿಕ್ಕದಾದಷ್ಟೂ ಸುತ್ತಲಿನ ಕಲ್ಲು ಕಾದು ಅಂಚಿನಿಂದ ತಿನ್ನುತ್ತಾ ಬರುತ್ತೆ. 1940ರಲ್ಲಿ 0.22 ಚದರ ಕಿಲೋಮೀಟರ್ ಇತ್ತು, ನಮ್ಮ ಲೆಕ್ಕದಲ್ಲಿ 54 ಎಕರೆ. 2007ಕ್ಕೆ ಉಳಿದದ್ದು ಎರಡೂವರೆ ಎಕರೆ. 2015ರವರೆಗೆ ಇರಬಹುದು ಅಂತ ವಿಜ್ಞಾನಿಗಳು ಅಂದುಕೊಂಡಿದ್ದರು, 2009ಕ್ಕೇ ಮುಗಿದುಹೋಯಿತು. ಸುಮಾರು 18,000 ವರ್ಷ ಹಳೆಯದು ಅನ್ನುತ್ತಾರೆ.

ನನಗೆ ಈ ಬೆಟ್ಟದ ಹೆಸರು ಮೊದಲು ಕಿವಿಗೆ ಬಿದ್ದದ್ದು ಸ್ಕೀಯಿಂದ ಅಲ್ಲ, ಬಾಹ್ಯಾಕಾಶದಿಂದ ಬಂದು ಬೀಳೋ ಕಾಸ್ಮಿಕ್ ಕಿರಣಗಳಿಂದ. 1947ರಲ್ಲಿ ಸೀಸರ್ ಲಾಟೆಸ್ ಅನ್ನೋ ಬ್ರೆಜಿಲ್‌ನ ಯುವ ವಿಜ್ಞಾನಿ ಬ್ರಿಸ್ಟಲ್‌ನ ಸೆಸಿಲ್ ಪೊವೆಲ್ ಅವರ ಪ್ರಯೋಗಾಲಯದಿಂದ, ಆ ಕಿರಣಗಳ ಜಾಡು ಮೂಡೋ ಫೋಟೋ ಪ್ಲೇಟುಗಳನ್ನ ಹೊತ್ತು ಚಕಲ್ತಾಯ ಹತ್ತಿದರು. ಪಯಾನ್ ಅನ್ನೋ, ಪರಮಾಣುವಿಗಿಂತ ತುಂಬಾ ಚಿಕ್ಕ ಕಣ ಗಟ್ಟಿಯಾಗಿ ಸಾಬೀತಾದದ್ದು ಆ ಪ್ಲೇಟುಗಳಿಂದ. ಮುಂದೆ ಅದೇ ಪೊವೆಲ್ ಹತ್ತಿರ ಕಲಿತವರು ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್. ಅವರೂ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರೂ ಕಾಸ್ಮಿಕ್ ಕಿರಣಗಳನ್ನ ಹುಡುಕಿಕೊಂಡು ನಮ್ಮ ಗಣಿಗೆ ಇಳಿದರು. ಆ ಕಿರಣಗಳಿಂದ ವಾತಾವರಣದಲ್ಲಿ ಹುಟ್ಟಿ ನೆಲವನ್ನೂ ತೂರಿ ಹೋಗುವ ನ್ಯೂಟ್ರಿನೊ ಅನ್ನೋ ಕಣಗಳ ಸುಳಿವು 1965ರಲ್ಲಿ ನಮ್ಮ ಊರಿನ ನೆಲದಡಿ ಸಿಕ್ಕಿತು. ಅಲ್ಲಿ ಬೆಟ್ಟದ ತುದಿ, ಇಲ್ಲಿ ಎರಡು ಕಿಲೋಮೀಟರಿಗೂ ಆಳದ ಕತ್ತಲು. ಚಿಕ್ಕಂದಿನಲ್ಲಿ ಗೋಣಿಚೀಲದ ಮೇಲೆ ಕೂತು, ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬ ಜಾರುತ್ತಿದ್ದ ನನಗೆ ಆ ಬೆಟ್ಟ ಆವತ್ತಿನಿಂದ ನೆಂಟಸ್ತಿಕೆ ಇರೋ ಜಾಗ.

ನಮ್ಮ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಕೆಲವು ವರ್ಷ ಆದ ಮೇಲೆ ಕ್ಯಾಮೆರಾ ಹಿಡಿದು ಒಬ್ಬರು ನಮ್ಮ ಲೈನಿಗೆ, ಅಂದರೆ ಗಣಿ ಕಾರ್ಮಿಕರ ಮನೆಗಳ ಸಾಲಿಗೆ, ಬಂದರು. ಪಕ್ಕದ ಮನೆಯ ಅಕ್ಕ ಆಗಷ್ಟೇ ಬಟ್ಟೆ ಒಗೆದು ತಂತಿಗೆ ಹರವಿದ್ದರು. ಎರಡು ಸ್ಕೂಲ್ ಯೂನಿಫಾರ್ಮು, ಒಂದು ಹಸಿರು ಸೀರೆ, ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. "ಅಮ್ಮಾ, ಆ ಬಟ್ಟೆ ಸ್ವಲ್ಪ ಒಳಗೆ ತಗೊಳ್ತೀರಾ? ಊರು ಖಾಲಿ ಖಾಲಿ ಕಾಣಬೇಕು" ಅಂದರು ಅವರು. ಅಕ್ಕ ಏನೂ ಹೇಳಲಿಲ್ಲ. ಯೂನಿಫಾರ್ಮಿನ ತೋಳು ಹಿಂಡಿ, ಕೊಡವಿ, ಮತ್ತೆ ತಂತಿಗೇ ಹಾಕಿದರು.

ಅವತ್ತಿನಿಂದ ಪಾಳುಬಿದ್ದ ಜಾಗ ಅಂತ ಯಾವ ಫೋಟೋ ಬಂದರೂ ನಾನು ಚೌಕಟ್ಟಿನಿಂದ ಹೊರಗೆ ಏನು ಬಿಟ್ಟಿದ್ದಾರೆ ಅಂತ ಹುಡುಕ್ತೀನಿ. ಚಕಲ್ತಾಯದಲ್ಲಿ ಸ್ಕೀ ಕಟ್ಟಡದಿಂದ ಸ್ವಲ್ಪ ಕೆಳಗೆ, 5,200 ಮೀಟರ್ ಎತ್ತರದಲ್ಲಿ, ಲಾ ಪಾಜ್ ವಿಶ್ವವಿದ್ಯಾಲಯದ ಪ್ರಯೋಗಾಲಯ ಈಗಲೂ ನಡೀತಿದೆ. ಕಾಸ್ಮಿಕ್ ಕಿರಣದ ಜೊತೆಗೆ ಈಗ ಗಾಳಿಯಲ್ಲಿರೋ ಮಸಿ, ಧೂಳು, ಅನಿಲಗಳನ್ನೂ ಅಳೀತಾರೆ. ಅದೇ ಹಳೆಯ ರಸ್ತೆ ಹಿಡಿದು ಜನ ಬೆಟ್ಟ ಹತ್ತುತ್ತಲೇ ಇದ್ದಾರೆ.