ಶಿವಮೊಗ್ಗ ಸುಬ್ಬಣ್ಣ: ಫ್ಲೆಕ್ಸ್ ಬರೆಸುವ ಮುನ್ನ ಒಂದು ಸ್ಪಷ್ಟನೆ

ಗಾಯಕ ಸುಬ್ಬಣ್ಣ ತೀರಿಕೊಂಡ ದಿನವಾದ ಆಗಸ್ಟ್ 11 ಹತ್ತಿರವಾದಂತೆ ಶಿವಮೊಗ್ಗದ ಸುಗಮ ಸಂಗೀತದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಸಾಲು ಇದು: 'ಕನ್ನಡ ಚಿತ್ರಗೀತೆಗೆ ಮೊದಲ ರಾಷ್ಟ್ರಪ್ರಶಸ್ತಿ ತಂದವರು ಸುಬ್ಬಣ್ಣ'. ಅಭಿಮಾನ ಸರಿ, ಸಾಲು ತಪ್ಪು.

ಕನ್ನಡ ಚಿತ್ರದ ಹಾಡಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿ ಅದಕ್ಕೂ ಮೊದಲೇ ಬಂದಿತ್ತು: 1975ರ 'ಹಂಸಗೀತೆ'ಗಾಗಿ ಎಂ. ಬಾಲಮುರಳಿಕೃಷ್ಣ ಅವರಿಗೆ. ಅವರು ಆಂಧ್ರದವರು. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಸುಬ್ಬಣ್ಣ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಗಾಯಕ. ಫ್ಲೆಕ್ಸ್‌ಗೆ 'ಮೊದಲ ಕನ್ನಡಿಗ' ಎಂದು ಬರೆಸಿ, ಸಾಕು. ಡಾ. ರಾಜ್‌ಕುಮಾರ್ ಹೆಸರನ್ನೂ ಈ 'ಮೊದಲ' ಪಟ್ಟಕ್ಕೆ ಎಳೆಯುವವರಿದ್ದಾರೆ. ಅವರಿಗೆ ಬಂದದ್ದು 1992ರ 'ಜೀವನ ಚೈತ್ರ'ಕ್ಕೆ.

ಇಸವಿಯ ಗೊಂದಲವೂ ಉಂಟು. ಸುಬ್ಬಣ್ಣನವರಿಗೆ 'ಕಾಡು ಕುದುರೆ' ಚಿತ್ರದ ಹಾಡಿಗೆ ಬಂದದ್ದು 1978ರ ಸಾಲಿನ ಪ್ರಶಸ್ತಿ. ಪ್ರಶಸ್ತಿ ಪ್ರದಾನ ಮರುವರ್ಷವಾದ್ದರಿಂದ 1979 ಎಂದೂ ಅಚ್ಚಾಗುತ್ತದೆ. '1978ರ ಸಾಲಿನ ಪ್ರಶಸ್ತಿ' ಎಂದರೆ ತಕರಾರಿಲ್ಲ.

ಪ್ರಶಸ್ತಿ ತಂದ 'ಕಾಡು ಕುದುರೆ ಓಡಿ ಬಂದಿತ್ತಾ' ಹಾಡು ಬರೆದವರು ಕುವೆಂಪು ಅಲ್ಲ, ಚಂದ್ರಶೇಖರ ಕಂಬಾರ. ಕುವೆಂಪು ಅವರ 'ಬಾರಿಸು ಕನ್ನಡ ಡಿಂಡಿಮವ'ವನ್ನೂ ಸುಬ್ಬಣ್ಣನವರೇ ಹಾಡಿದ್ದರಿಂದ ಹೆಸರು ಅದಲುಬದಲಾಗಿರಬೇಕು.

ಶ್ರದ್ಧಾಂಜಲಿಗೆ ಹಾಡುವವರು ಚೀಟಿಯಲ್ಲಿ 'ಓಡಿ ಬಂದಿತ್ತು' ಎಂದು ತಿದ್ದಿಕೊಳ್ಳಬೇಡಿ. ಅದು 'ಬಂದಿತ್ತಾ'. ಕೊನೆಯ ದೀರ್ಘ ಹೋದರೆ ದನಿ ಎಳೆಯಲು ಜಾಗವೇ ಉಳಿಯದು. 'ತ್ತು'ವಿನಲ್ಲಿ ತುಟಿ ಕಿರಿದಾಗಿ ಕುದುರೆ ಅಲ್ಲೇ ನಿಂತುಬಿಡುತ್ತದೆ.