ಪರದೆಯೇ ಇಲ್ಲದ ಕಡೆ ಬರ್ನಾರ್ಡ್ ಹರ್ಮನ್

ಬರ್ನಾರ್ಡ್ ಹರ್ಮನ್ ಹೆಸರು ಕೇಳದವರಿಗೂ ಅವನ ಸಂಗೀತ ಗೊತ್ತಿರುತ್ತದೆ. ‘ಸೈಕೋ’ ಸಿನಿಮಾದ ಬಚ್ಚಲುಮನೆ ದೃಶ್ಯದಲ್ಲಿ ಪಿಟೀಲುಗಳು ಕಿರುಚುತ್ತವಲ್ಲ, ಅದು ಆತನದು. ನಮ್ಮ ಧಾರಾವಾಹಿಗಳಲ್ಲಿ ಅತ್ತೆ ಬಾಗಿಲು ತೆಗೆದು ಒಳಗೆ ಬಂದಾಗ ‘ಕ್ರೀ ಕ್ರೀ’ ಅನ್ನುತ್ತದಲ್ಲ, ಅದರ ಮುತ್ತಜ್ಜನೂ ಅದೇ. 1960ರ ಸಿನಿಮಾ. ಆ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದ ಸಿನಿಮಾದ ನಿರ್ದೇಶಕ ಹಿಚ್‌ಕಾಕ್. ಹರ್ಮನ್ ಮಾತು ಕೇಳದೆ ಬರೆದ. ಕೇಳಿಸಿದ ಮೇಲೆ ಹಿಚ್‌ಕಾಕ್ ತೆಪ್ಪಗೆ ಒಪ್ಪಿಕೊಂಡ. ಸಿನಿಮಾ ಹುಚ್ಚಿನವರು ನಾಲ್ಕು ಜನ ಸೇರಿದರೆ ಈ ಕಥೆ ಬಂದೇ ಬರುತ್ತದೆ.

ಈ ಮಳೆಗಾಲ ಹಾಸನದಲ್ಲಿ ಕರೆಂಟ್ ಹೋದಾಗೆಲ್ಲ ನಾನು ಕೇಳುತ್ತಾ ಕೂತದ್ದು ಮಾತ್ರ ಆತನ ರೇಡಿಯೋ ಕೆಲಸ. ಹಳೇ ಅಮೆರಿಕನ್ ರೇಡಿಯೋ ನಾಟಕಗಳ ರೆಕಾರ್ಡಿಂಗ್ ಇಂಟರ್ನೆಟ್ಟಿನಲ್ಲಿ ರಾಶಿ ಬಿದ್ದಿವೆ. ಕರೆಂಟ್ ಇದ್ದಾಗ ಇಳಿಸಿಟ್ಟುಕೊಂಡರೆ ಆಯಿತು. ಮೊದಮೊದಲು ಸ್ಪೀಕರಿನಲ್ಲೇ ಹಾಕುತ್ತಿದ್ದೆ. ‘ಏನ್ರೀ ಅದು, ಪಕ್ಕದ ಮನೇಲಿ ಯಾರೋ ಜಗಳ ಆಡ್ತಿರೋ ಹಾಗಿದೆ, ಮಧ್ಯ ಮಧ್ಯ ವಾಲಗ ಬೇರೆ’ ಅಂದಳು ಹೆಂಡತಿ. ಈಗ ಇಯರ್‌ಫೋನ್ ಹಾಕಿಕೊಳ್ಳುತ್ತೇನೆ. ಆದರೆ ಅವಳು ಹೇಳಿದ್ದರಲ್ಲಿ ವಿಷಯ ಇದೆ. ಜಗಳ, ಮಧ್ಯ ಮಧ್ಯ ವಾಲಗ. ರೇಡಿಯೋ ನಾಟಕದ ಸಂಗೀತ ಅಂದರೆ ಅಷ್ಟೇ ತಾನೆ?

ಹರ್ಮನ್ ಹುಟ್ಟಿದ್ದು 1911ರಲ್ಲಿ, ನ್ಯೂಯಾರ್ಕಿನಲ್ಲಿ. 1934ರಲ್ಲಿ ಸಿಬಿಎಸ್ ರೇಡಿಯೋ ಸೇರಿದ. ಆಗ ಇನ್ನೂ ಚಿಕ್ಕ ಹುಡುಗ. ಮೊದಲು ಬೇರೆಯವರ ಕೈಕೆಳಗೆ ಕೆಲಸ, ಆಮೇಲೆ ಸಿಬಿಎಸ್ ಸಿಂಫನಿ ಆರ್ಕೆಸ್ಟ್ರಾದ ಮುಖ್ಯ ನಿರ್ದೇಶಕ. ಅವನ ಮೊದಲ ಸಿನಿಮಾ ‘ಸಿಟಿಜನ್ ಕೇನ್’ ಬಂದದ್ದು 1941ರಲ್ಲಿ. ಅಂದರೆ ಸಿನಿಮಾಕ್ಕೆ ಕಾಲಿಡುವ ಹೊತ್ತಿಗೆ ಆತ ವರ್ಷಗಟ್ಟಲೆ ರೇಡಿಯೋದಲ್ಲಿ ಪಳಗಿದ್ದ. ಅದೇ ವರ್ಷದ ಇನ್ನೊಂದು ಸಿನಿಮಾಕ್ಕೆ ಆಸ್ಕರ್ ಬಂತು. ಆ ಸಲ ‘ಸಿಟಿಜನ್ ಕೇನ್’ ಕೂಡ ಸ್ಪರ್ಧೆಯಲ್ಲಿತ್ತು. ತನ್ನನ್ನೇ ತಾನು ಸೋಲಿಸಿದ ಗಿರಾಕಿ.

ಸಾಮಾನ್ಯವಾಗಿ ಈ ರೇಡಿಯೋ ವರ್ಷಗಳನ್ನು ಹೊಟ್ಟೆಪಾಡು ಅಂತಲೋ, ಸಿನಿಮಾಕ್ಕೆ ಮುಂಚಿನ ತಾಲೀಮು ಅಂತಲೋ ಹೇಳಿ ಮುಗಿಸುತ್ತಾರೆ. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ. ನನ್ನ ಪ್ರಕಾರ ಹರ್ಮನ್ ಕೊನೇವರೆಗೂ ರೇಡಿಯೋದವನೇ. ಸಿನಿಮಾದವರು ಅವನಿಗೆ ಒಂದು ಪರದೆ ಕೊಟ್ಟರು, ಅಷ್ಟೇ.

ಯಾಕೆ ಹಾಗೆ ಅನ್ನುತ್ತೇನೆ ಅಂದರೆ, ಆ ಕಾಲದ ರೇಡಿಯೋ ನಾಟಕ ಹೇಗೆ ನಡೆಯುತ್ತಿತ್ತು ನೋಡಿ. ಎಲ್ಲವೂ ಲೈವ್. ಒಂದೇ ಸ್ಟುಡಿಯೋದಲ್ಲಿ ನಟರು ಒಂದು ಮೈಕಿನ ಮುಂದೆ, ಬಾಗಿಲು ಬಡಿಯುವ, ಗಾಜು ಒಡೆಯುವ ಶಬ್ದ ಮಾಡುವವರು ಇನ್ನೊಂದರ ಮುಂದೆ, ವಾದ್ಯದವರು ಮತ್ತೊಂದು ಮೂಲೆಯಲ್ಲಿ. ತಪ್ಪಾದರೆ ದೇಶಕ್ಕೆಲ್ಲ ಕೇಳಿಸುತ್ತದೆ. ಅರ್ಧ ಗಂಟೆ ಅಂದರೆ ಅರ್ಧ ಗಂಟೆ, ಒಂದು ನಿಮಿಷ ಹೆಚ್ಚಿಲ್ಲ. ಕಥೆ ಮನೆಯಿಂದ ರೈಲಿಗೆ ಹೋಯಿತು ಅನ್ನುವುದನ್ನು ಸಂಗೀತ ಹತ್ತು ಸೆಕೆಂಡಿನಲ್ಲಿ ಹೇಳಿ ಮುಗಿಸಬೇಕು. ಕೆಲವು ಸಲ ಐದೇ ಸೆಕೆಂಡು. ಅಷ್ಟರಲ್ಲಿ ಯಾವ ಪಲ್ಲವಿ, ಯಾವ ಚರಣ? ಉದ್ದದ ರಾಗಕ್ಕೆ ಜಾಗವೇ ಇಲ್ಲ. ಎರಡೋ ಮೂರೋ ಸ್ವರದ ಒಂದು ತುಣುಕು ಹಿಡಿದು, ಅದನ್ನೇ ತಿರುಗಿಸಿ, ಬೇರೆ ವಾದ್ಯಕ್ಕೆ ಕೊಟ್ಟು, ಕೆಲಸ ಮುಗಿಸಬೇಕು.

ಈಗ ಅವನ ಯಾವುದೇ ಸಿನಿಮಾ ತೆಗೆದುಕೊಳ್ಳಿ. ಹೆಚ್ಚಿನ ಕಡೆ ಇರುವುದು ಅದೇ. ಸಣ್ಣ ತುಣುಕು, ಮತ್ತೆ ಮತ್ತೆ, ಸ್ವಲ್ಪ ಸ್ವಲ್ಪ ಬದಲಾಗುತ್ತಾ. ಹಾಲಿವುಡ್ಡಿನ ಉಳಿದವರು ಪ್ರತಿ ನಾಯಕಿಗೂ ಒಂದು ದೊಡ್ಡ ಮಧುರವಾದ ಟ್ಯೂನ್ ಬರೆಯುತ್ತಿದ್ದ ಕಾಲದಲ್ಲಿ ಈತ ಬೇರೆ ದಾರಿ ಹಿಡಿದಿದ್ದು ಎಲ್ಲಿಂದ ಅಂತ ನನಗೆ ಮೊದಲಿಂದ ಕುತೂಹಲ. ಉತ್ತರ ಈ ನಾಟಕಗಳಲ್ಲಿದೆ.

‘ಸಿಟಿಜನ್ ಕೇನ್’ ನಿರ್ದೇಶಕ ಆರ್ಸನ್ ವೆಲ್ಸ್ ಅದಕ್ಕೂ ಮುಂಚೆ ಮಾಡಿದ ರೇಡಿಯೋ ನಾಟಕ ‘ವಾರ್ ಆಫ್ ದಿ ವರ್ಲ್ಡ್ಸ್’ ಬಗ್ಗೆ ಎಲ್ಲರಿಗೂ ಗೊತ್ತು. 1938ರ ಅಕ್ಟೋಬರ್ 30. ಮಂಗಳ ಗ್ರಹದವರು ಬಂದರು ಅಂತ ಸುದ್ದಿ ಓದಿದಂತೆ ನಾಟಕ ಆಡಿದ್ದು. ಅಮೆರಿಕ ಪೂರ್ತಿ ಬೀದಿಗೆ ಬಂತು ಅನ್ನುವುದು ಪತ್ರಿಕೆಗಳು ಉಬ್ಬಿಸಿದ ಕಥೆ ಅಂತ ಈಗ ಇತಿಹಾಸ ಬರೆಯುವವರು ಹೇಳುತ್ತಾರೆ. ಅದು ಬಿಡಿ. ಅದರಲ್ಲಿ ಸಂಗೀತ ನಡೆಸಿದ್ದು ಹರ್ಮನ್. ಏನು ನುಡಿಸಿದ ಅಂತೀರಿ? ಹೋಟೆಲಿನ ಡ್ಯಾನ್ಸ್ ಬ್ಯಾಂಡಿನ ಸಂಗೀತ. ಯಾವುದೋ ಹೋಟೆಲಿನಿಂದ ನೇರ ಪ್ರಸಾರ ಅಂತ ಹೇಳಿ ‘ಲಾ ಕುಂಪಾರ್ಸೀತಾ’ ಶುರು ಮಾಡುತ್ತಾರೆ. ನಡುವೆ ಸುದ್ದಿ. ಮತ್ತೆ ಡ್ಯಾನ್ಸ್. ಮತ್ತೆ ಸುದ್ದಿ. ಆಮೇಲೆ ಸುದ್ದಿಗಳ ನಡುವೆ ಒಂಟಿ ಪಿಯಾನೋ. ಹೆದರಿಸುವ ಸ್ವರ ಒಂದೂ ಇಲ್ಲ. ತೀರಾ ಮಾಮೂಲಿ ಸಂಗೀತ ಅರ್ಧಕ್ಕೆ ನಿಂತಾಗಲೇ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ಭಯದ ದೃಶ್ಯ ಬಂತು ಅಂದರೆ ಡೋಲು ಬಡಿಯುವ ನಮ್ಮ ಈಗಿನ ಸಂಗೀತ ನಿರ್ದೇಶಕರಿಗೆ ಇದನ್ನೊಂದು ಸಲ ಕೂರಿಸಿ ಕೇಳಿಸಬೇಕು.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ‘ದಿ ಹಿಚ್-ಹೈಕರ್’. ಬರೆದವಳು ಲೂಸಿಲ್ ಫ್ಲೆಚರ್, ಆಗ ಹರ್ಮನ್ ಹೆಂಡತಿ. 1941ರಲ್ಲಿ ವೆಲ್ಸ್ ಇದನ್ನು ಆಡಿದ. ಒಬ್ಬ ಕಾರಿನಲ್ಲಿ ಒಂಟಿಯಾಗಿ ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟಿರುತ್ತಾನೆ. ದಾರಿಯಲ್ಲಿ ಒಬ್ಬ ಮನುಷ್ಯ ಕೈ ಅಡ್ಡ ಹಿಡಿದು ನಿಂತಿರುತ್ತಾನೆ. ಇವನು ನಿಲ್ಲಿಸುವುದಿಲ್ಲ. ನೂರಾರು ಮೈಲಿ ಆದಮೇಲೆ ಮತ್ತೆ ಅದೇ ಮನುಷ್ಯ, ಮುಂದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ರಾತ್ರಿ ಹೊತ್ತು ಒಬ್ಬರೇ ಗಾಡಿ ಓಡಿಸಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕೊನೆ ಹೇಳುವುದಿಲ್ಲ, ಕೇಳಿ.

ಅದರಲ್ಲಿ ಸಂಗೀತ ಎಷ್ಟು ಕಡಿಮೆ ಅಂದರೆ, ಕೆಲವು ಕಡೆ ಇದೆಯೋ ಇಲ್ಲವೋ ಅನ್ನಿಸುತ್ತದೆ. ಆದರೆ ಆ ಮನುಷ್ಯ ಮತ್ತೆ ಕಾಣಿಸಿಕೊಳ್ಳುವ ಮುಂಚೆಯೇ ವಾದ್ಯಗಳಿಗೆ ಗೊತ್ತಿರುತ್ತದೆ. ನಮಗಿಂತ ಒಂದು ಗಳಿಗೆ ಮುಂಚೆ. ಸಿನಿಮಾದಲ್ಲಿ ಕಣ್ಣಿಗೆ ಕಂಡದ್ದಕ್ಕೆ ಸಂಗೀತ ಹೌದು ಹೌದು ಅನ್ನುತ್ತದೆ. ಇಲ್ಲಿ ಕಾಣುವುದೇನೂ ಇಲ್ಲ. ರಸ್ತೆಯೂ ಸಂಗೀತವೇ, ಕತ್ತಲೆಯೂ ಸಂಗೀತವೇ. 1960ರಲ್ಲಿ ಇದೇ ಕಥೆ ‘ಟ್ವಿಲೈಟ್ ಝೋನ್’ ಟಿವಿ ಸರಣಿಯಲ್ಲಿ ಬಂದಾಗ ಆ ಹಳೇ ರೇಡಿಯೋ ಸಂಗೀತವನ್ನೇ ತೆಗೆದು ಬಳಸಿಕೊಂಡರು. ಟಿವಿಯದನ್ನೂ ನೋಡಿದೆ. ಚೆನ್ನಾಗಿದೆ. ರೇಡಿಯೋದ್ದರ ಮುಂದೆ ಸಪ್ಪೆ.

1953-54ರ ‘ಕ್ರೈಮ್ ಕ್ಲಾಸಿಕ್ಸ್’ ಸರಣಿಯದು ಇನ್ನೊಂದು ತಮಾಷೆ. ಹಳೇ ಕಾಲದ ನಿಜವಾದ ಕೊಲೆ ಪ್ರಕರಣಗಳನ್ನು ನಗುನಗುತ್ತಾ ಹೇಳುವ ಕಾರ್ಯಕ್ರಮ. ಅಷ್ಟು ಹೊತ್ತಿಗೆ ಟಿವಿ ಬಂದು ರೇಡಿಯೋದ ದುಡ್ಡು ಕರಗಿತ್ತು. ದೊಡ್ಡ ಆರ್ಕೆಸ್ಟ್ರಾ ಎಲ್ಲಿಂದ ಬರಬೇಕು? ಎರಡು ಮೂರು ವಾದ್ಯದವರಲ್ಲೇ ಹರ್ಮನ್ ಇಡೀ ಕಂತು ಮುಗಿಸುತ್ತಾನೆ. ಆ ಹೊತ್ತಿಗೆ ‘ಸಿಟಿಜನ್ ಕೇನ್’ ಮಾಡಿ, ಆಸ್ಕರ್ ಗೆದ್ದು ವರ್ಷಗಳಾಗಿವೆ. ಆದರೂ ಈ ಪುಟ್ಟ ಕೆಲಸವನ್ನು ಉಡಾಫೆಯಿಂದ ಮಾಡಿಲ್ಲ. ಮನೆಯಲ್ಲಿ ಇದ್ದಬದ್ದ ತರಕಾರಿಯಲ್ಲೇ ಹುಳಿ ಮಾಡಿ, ಬಂದವರು ಎರಡನೇ ಸಲ ಬಡಿಸಿಕೊಳ್ಳುವ ಹಾಗೆ ಮಾಡುವವರು ಇರುತ್ತಾರಲ್ಲ, ಆ ಜಾತಿಯ ಕೈ. ತಾಲೀಮು ಅನ್ನುವ ವಾದ ಇಲ್ಲಿ ಪೂರ್ತಿ ಬಿದ್ದು ಹೋಗುತ್ತದೆ. 1956ರಲ್ಲಿ, ಕಾದಂಬರಿ ಬರೆದ ಆಲ್ಡಸ್ ಹಕ್ಸ್‌ಲಿ ತಾನೇ ನಿರೂಪಕನಾಗಿ ಕೂತ ‘ಬ್ರೇವ್ ನ್ಯೂ ವರ್ಲ್ಡ್’ ರೇಡಿಯೋ ನಾಟಕಕ್ಕೂ ಹರ್ಮನ್ನನದೇ ಸಂಗೀತ. ತಾಲೀಮು ಮುಗಿದವನು ಮತ್ತೆ ಮತ್ತೆ ಗರಡಿಮನೆಗೆ ಯಾಕೆ ಬರುತ್ತಾನೆ?

ಎಲ್ಲವೂ ಚಿನ್ನ ಅಂತ ಹೇಳಲಾರೆ. ಯುದ್ಧಕಾಲದಲ್ಲಿ ನಾರ್ಮನ್ ಕಾರ್ವಿನ್ ಬರೆದ ದೇಶಭಕ್ತಿಯ ಕಾರ್ಯಕ್ರಮಗಳಿವೆ. 1945ರ ಮೇ 8ರಂದು, ಯುರೋಪಿನಲ್ಲಿ ಯುದ್ಧ ಮುಗಿದ ದಿನ ಪ್ರಸಾರವಾದ ‘ಆನ್ ಎ ನೋಟ್ ಆಫ್ ಟ್ರಯಂಫ್’ ಅವುಗಳಲ್ಲಿ ದೊಡ್ಡದು. ಆ ದಿನ ಕೇಳಿದವರಿಗೆ ಕಣ್ಣೀರು ಬಂದಿರಬಹುದು. ನನಗೆ ಭಾಷಣ ಜಾಸ್ತಿ, ಕಹಳೆ ಜಾಸ್ತಿ ಅನ್ನಿಸಿತು. ಅದೇ ಕಾರ್ವಿನ್, ಅದೇ ಹರ್ಮನ್ 1944ರಲ್ಲಿ ವಾಲ್ಟ್ ವಿಟ್ಮನ್ ಕವಿತೆಗಳನ್ನು ಇಟ್ಟುಕೊಂಡು ಮಾಡಿದ ‘ವಿಟ್ಮನ್’ ಮಾತ್ರ ಬೇರೆಯೇ. ಕವಿತೆ ಓದುವವನ ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ವಾದ್ಯ ಉಸಿರೆಳೆಯುತ್ತದೆ. ಇದನ್ನು ಪೋಸ್ಟ್‌ಕ್ಲಾಸಿಕಲ್ ಆನ್ಸಾಂಬಲ್ ಅನ್ನುವ ತಂಡ ಹೊಸದಾಗಿ ನುಡಿಸಿ, 2020ರಲ್ಲಿ ನಾಕ್ಸೋಸ್ ಕಂಪನಿ ಹೊರತಂದಿದೆ. ಓದುವ ದನಿಯನ್ನು ಅದರಲ್ಲಿ ಉಳಿಸಿಕೊಂಡಿದ್ದಾರೆ, ಪುಣ್ಯ. ರೇಡಿಯೋ ಸಂಗೀತದಿಂದ ಮಾತನ್ನು ಕತ್ತರಿಸಿ ಹಾಕಿ ‘ಶುದ್ಧ ಸಂಗೀತ’ ಮಾಡುತ್ತೇವೆ ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಯಕ್ಷಗಾನದಿಂದ ಮದ್ದಳೆ ಒಂದನ್ನೇ ತೆಗೆದು ಕೇಳಿದರೆ ಆಟ ನೋಡಿದ ಹಾಗಾಯಿತೇ?

ಇನ್ನು ಪಿಟೀಲಿಲ್ಲದೆ ಊದುವ, ಬಡಿಯುವ ವಾದ್ಯಗಳಲ್ಲೇ ನಡೆಯುವ ಬ್ಯಾಂಡಿನ ವಿಷಯ. ಹೈಸ್ಕೂಲಿನಲ್ಲಿ ಆಗಸ್ಟ್ 15ರ ಪರೇಡಿಗೆ ಸೈಡ್ ಡ್ರಮ್ ಬಾರಿಸಿದವನು ನಾನು. ಹಾಗಾಗಿ ಪಿಟೀಲು ಇಲ್ಲದ ಸಂಗೀತ ಅಂದರೆ ನನಗೆ ಸ್ವಲ್ಪ ಪಕ್ಷಪಾತ. ‘ಸೈಕೋ’ಗೆ ಬರೀ ತಂತಿವಾದ್ಯ ಇಟ್ಟ ಹರ್ಮನ್ನೇ ಅದಕ್ಕೆ ಮುಂಚಿನ ವರ್ಷ, ಭೂಮಿಯ ಹೊಟ್ಟೆಯೊಳಗೆ ಇಳಿಯುವ ಕಥೆಯೊಂದಕ್ಕೆ ಪಿಟೀಲುಗಳನ್ನು ಪೂರ್ತಿ ಹೊರಗಿಟ್ಟು, ಊದುವ ವಾದ್ಯ, ಆರ್ಗನ್, ಹಾರ್ಪ್, ಬಡಿಯುವ ವಾದ್ಯಗಳಲ್ಲೇ ಕೆಲಸ ಮಾಡಿದ. ಅದನ್ನು ಕೇಳಿದ ಮೇಲೆ ಸಿನಿಮಾದವರು ಸಿನಿಮಾ ಬಿಟ್ಟು ಬರೀ ಬ್ಯಾಂಡಿಗೆ ಅಂತಲೇ ಬರೆದದ್ದು ಹುಡುಕಲು ಹೋದೆ. ಸಿಕ್ಕಿದ್ದು ಜಾನ್ ವಿಲಿಯಮ್ಸ್.

ಹೌದು, ‘ಸ್ಟಾರ್ ವಾರ್ಸ್’ ವಿಲಿಯಮ್ಸೇ. 1950ರ ದಶಕದ ಮೊದಲಲ್ಲಿ ಆತ ಅಮೆರಿಕದ ವಾಯುಪಡೆಯಲ್ಲಿದ್ದ. ಅಲ್ಲಿ ಬ್ಯಾಂಡಿಗೆ ಹಾಡು ಹೊಂದಿಸುವುದು, ನಡೆಸುವುದು ಅವನ ಕೆಲಸ. 1968ರಲ್ಲಿ, ಹೆಸರು ಮಾಡುವ ಮೊದಲು, ಊದುವ ವಾದ್ಯಗಳ ತಂಡಕ್ಕೆ ಒಂದು ‘ಸಿನ್ಫೋನಿಯೆಟ್ಟಾ’, ಅಂದರೆ ಪುಟ್ಟ ಸಿಂಫನಿ, ಬರೆದ. ಈಸ್ಟ್‌ಮನ್ ವಿಂಡ್ ಆನ್ಸಾಂಬಲ್ ಅದನ್ನು ರೆಕಾರ್ಡ್ ಮಾಡಿದೆ. ಗುನುಗುವ ಟ್ಯೂನ್ ಹುಡುಕಿದರೆ ನಿರಾಶೆ ಗ್ಯಾರಂಟಿ. ಒರಟು, ಮೂಳೆ ಮೂಳೆ. ಆದರೆ ಮುಂದೆ ಆತ ಸಿನಿಮಾಗಳಲ್ಲಿ ಕಹಳೆಗಳನ್ನು ಅಷ್ಟು ಧೈರ್ಯವಾಗಿ ಹೇಗೆ ಮುಂದಿಟ್ಟ ಅನ್ನುವುದು ಇದನ್ನು ಕೇಳಿದರೆ ತಿಳಿಯುತ್ತದೆ. ಉಸಿರು ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವ ಲೆಕ್ಕ ಅವನಿಗೆ ಬ್ಯಾಂಡಿನಲ್ಲೇ ಸಿಕ್ಕಿರಬೇಕು.

ನಮಗೆ ಬ್ಯಾಂಡ್ ಅಂದರೆ ಮದುವೆ ಮೆರವಣಿಗೆ. ಬ್ಯಾಂಡ್ ಸೆಟ್‌ನವರು ಕ್ಲಾರಿನೆಟ್, ಟ್ರಂಪೆಟ್‌ನಲ್ಲಿ ಸಿನಿಮಾ ಹಾಡು ಊದಬೇಕು, ನಾವು ಕುಣಿಯಬೇಕು. ಅದನ್ನು ತೆಗಳುವುದಿಲ್ಲ, ನಾನೂ ಕುಣಿದಿದ್ದೇನೆ. ಆದರೆ ಇದೇ ಹಳೇ ಮೈಸೂರು ಸೀಮೆಯಲ್ಲಿ ಅರಮನೆ ಬ್ಯಾಂಡ್ ಇತ್ತು. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನ್ ಹಿಂದೆ ಬಿದ್ದದ್ದೇ ಆ ಬ್ಯಾಂಡಿನಲ್ಲಿ ಅದನ್ನು ಕೇಳಿ. ಕೂತು ಕೇಳುವ ಬ್ಯಾಂಡ್ ನಮಗೆ ಹೊಸದೇನಲ್ಲ.

ರೇಡಿಯೋ ಕಥೆಯೂ ಅಷ್ಟೇ. ಬೆಳಗಿನ ಜಾವ ಆಕಾಶವಾಣಿ ಶುರುವಾಗುವಾಗ ಬರುವ ಆ ರಾಗ ಯಾರಿಗೆ ಗೊತ್ತಿಲ್ಲ? ಅದನ್ನು ಮಾಡಿದ್ದು ವಾಲ್ಟರ್ ಕೌಫ್ಮನ್ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಯುರೋಪಿನಲ್ಲಿ ಯಹೂದಿಗಳಿಗೆ ಕೆಟ್ಟ ಕಾಲ ಬಂದಾಗ 1934ರಲ್ಲಿ ಮುಂಬಯಿಗೆ ಬಂದವರು. ಅಲ್ಲಿನ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದರು, ಜೊತೆಗೆ ಸಿನಿಮಾಕ್ಕೂ ಕೆಲಸ ಮಾಡಿದರು. ಹರ್ಮನ್ ನ್ಯೂಯಾರ್ಕ್ ರೇಡಿಯೋ ಸೇರಿದ ವರ್ಷವೇ ಇವರು ಭಾರತಕ್ಕೆ ಬಂದಿಳಿದದ್ದು. ಕೌಫ್ಮನ್ ಬರೆದ ಚೇಂಬರ್ ಸಂಗೀತವನ್ನು, ಅಂದರೆ ಕೆಲವೇ ವಾದ್ಯದವರು ಕೂತು ನುಡಿಸುವ ಸಂಗೀತವನ್ನು, ಕೆನಡಾದ ಎಆರ್‌ಸಿ ಆನ್ಸಾಂಬಲ್ ರೆಕಾರ್ಡ್ ಮಾಡಿದೆ. ಆ ಬೆಳಗಿನ ರಾಗ ಕೇಳುತ್ತಾ ಎದ್ದವರಿಗೆ ಅದರಲ್ಲಿ ಏನೋ ಪರಿಚಯದ ಮುಖ ಕಂಡ ಹಾಗಾಗುತ್ತದೆ.

ದೂರದವರ ಮಾತು ಸಾಕು, ನಮ್ಮ ಗದ್ದವಳ್ಳಿಗೆ ಬನ್ನಿ. ಹಾಸನದಿಂದ ಎಷ್ಟು ದೂರ ಸ್ವಾಮಿ? ವೀಣೆ ದೊರೆಸ್ವಾಮಿ ಅಯ್ಯಂಗಾರ್ ಅವರು 1920ರಲ್ಲಿ ಹುಟ್ಟಿದ್ದು ಅಲ್ಲೇ. ಮೈಸೂರಿನ ವೆಂಕಟಗಿರಿಯಪ್ಪನವರ ಶಿಷ್ಯರು. ಮಾತಿಲ್ಲದೆ ಬರೀ ವಾದ್ಯಕ್ಕೆ ಅಂತಲೇ ನಗ್ಮಾಗಳನ್ನು ರಚಿಸಿದ ಗುರು ಅವರು. ದೊರೆಸ್ವಾಮಿ ಅಯ್ಯಂಗಾರರು ವರ್ಷಗಟ್ಟಲೆ ಬೆಂಗಳೂರು ಆಕಾಶವಾಣಿಯಲ್ಲಿದ್ದರು. 1966ರ ‘ಸುಬ್ಬಾಶಾಸ್ತ್ರಿ’ ಸಿನಿಮಾಕ್ಕೆ ಸಂಗೀತ ಕೊಟ್ಟದ್ದೂ ಅವರೇ. ಪದ್ಮಭೂಷಣ ಬಂತು, ಸಂಗೀತ ಕಲಾನಿಧಿ ಬಂತು. ವೀಣೆ ವಿದ್ವಾಂಸರು ಅಂತ ಎಲ್ಲರೂ ಕೈ ಮುಗಿಯುತ್ತೇವೆ. ರೇಡಿಯೋದವರು, ಸಿನಿಮಾದವರು ಅಂತ ಅವರನ್ನು ಯಾವತ್ತಾದರೂ ಕೇಳಿದ್ದೇವೆಯೇ? ನಾಟಕ ಮುಗಿದಾಗ ಆಕಾಶವಾಣಿಯವರು ಸಂಗೀತ ಯಾರದು ಅಂತ ಹೇಳಿಯೇ ಹೇಳುತ್ತಾರೆ. ಅಷ್ಟರಲ್ಲಿ ನಾವು ಎದ್ದು ಹೋಗಿ ಬೇರೆ ಸ್ಟೇಷನ್ ತಿರುಗಿಸಿರುತ್ತೇವೆ. ಹರ್ಮನ್ ನಾಟಕಗಳನ್ನು ಉಳಿಸಿಕೊಂಡು ಬಂದದ್ದು ಅಲ್ಲಿನ ಹುಚ್ಚು ಕೇಳುಗರು, ಡಿಸ್ಕು, ಟೇಪು ಜೋಪಾನ ಮಾಡಿಟ್ಟವರು. ಹಾಸನದಲ್ಲಿ, ಅರಸೀಕೆರೆಯಲ್ಲಿ, ಹೊಳೆನರಸೀಪುರದಲ್ಲಿ ಟೇಪ್ ರೆಕಾರ್ಡರ್ ಎದುರು ರೇಡಿಯೋ ಇಟ್ಟು ನಾಟಕ ಹಿಡಿದಿಟ್ಟ ತಾತಂದಿರು ಎಷ್ಟೋ ಜನ ಇರಬೇಕು. ಅಟ್ಟದ ಮೇಲಿನ ಆ ಕ್ಯಾಸೆಟ್ ಡಬ್ಬ ಗುಜರಿಗೆ ಹಾಕುವ ಮುಂಚೆ ನನಗೊಂದು ಮೆಸೇಜ್ ಮಾಡಿ. ಪ್ಲೇಯರ್ ನನ್ನ ಹತ್ತಿರ ಇದೆ, ಈಗಲೂ ಓಡುತ್ತದೆ.

ಕೇಳಬೇಕು ಅನ್ನಿಸಿದವರು ‘ಹಿಚ್-ಹೈಕರ್’ನಿಂದ ಶುರು ಮಾಡಿ, ಆಮೇಲೆ ‘ಕ್ರೈಮ್ ಕ್ಲಾಸಿಕ್ಸ್’. ‘ಸಿನ್ಫೋನಿಯೆಟ್ಟಾ’ ಕೊನೆಗೆ ಇರಲಿ, ಮೊದಲೇ ಹಾಕಿದರೆ ಓಡಿ ಹೋಗುತ್ತೀರಿ. ಹಾಸನದಲ್ಲಿರುವವರು ಭಾನುವಾರ ಸಂಜೆ ನಮ್ಮ ಮನೆಗೇ ಬನ್ನಿ, ಒಟ್ಟಿಗೆ ಕೂತು ಕೇಳೋಣ. ಅರ್ಧ ಗಂಟೆಯ ನಾಟಕ, ದೀಪ ಆರಿಸಿ. ಕಾಫಿ ನಮ್ಮದು. ನಡುವೆ ಫೋನ್ ತೆಗೆದವರಿಗೆ ಕಾಫಿ ಇಲ್ಲ, ಈಗಲೇ ಹೇಳಿಬಿಟ್ಟಿದ್ದೇನೆ.