ಬಿಸಿಲು ಸಾಕುವವರು

ದುಡ್ಡು ಕೊಟ್ಟು ಓತಿಕ್ಯಾತ ಕೊಳ್ಳುವವರಿದ್ದಾರೆ ಎಂದರೆ ಚಿತ್ರದುರ್ಗದಲ್ಲಿ ಯಾರೂ ನಂಬುವುದಿಲ್ಲ. ಕೋಟೆಯ ಯಾವ ಸುತ್ತಿಗೆ ಹೋದರೂ ಅವು ನಮಗಿಂತ ಮೊದಲೇ ಬಂದು ಬಂಡೆಯ ಮೇಲೆ ಕುಳಿತಿರುತ್ತವೆ. ಟಿಕೆಟ್ ತೆಗೆದುಕೊಂಡು ಏದುಸಿರು ಬಿಡುತ್ತಾ ಹತ್ತಿದ ನಮ್ಮನ್ನು ತಲೆ ಮೇಲೆ ಕೆಳಗೆ ಆಡಿಸಿ ವಿಚಾರಿಸಿಕೊಳ್ಳುತ್ತವೆ. ಇಂಥ ಊರಿನಲ್ಲಿ ಬೆಳೆದ ನನ್ನ ಅಕ್ಕನ ಮಗ ಈಗ ಇಂಗ್ಲೆಂಡಿನಲ್ಲಿ, ಮ್ಯಾಂಚೆಸ್ಟರ್ ಆಚೆಯ ಮಳೆಯ ಊರೊಂದರಲ್ಲಿ, ಹಿತ್ತಲಲ್ಲಿ ಹಲ್ಲಿ ಸಾಕಿದ್ದಾನೆ. ದಕ್ಷಿಣ ಯುರೋಪಿನ ಕಡೆಯ ಗೋಡೆಹಲ್ಲಿಗಳು. ಸಾಕುವವರ ಮನೆಯಲ್ಲೇ ಮೊಟ್ಟೆಯೊಡೆದು ಬಂದವನ್ನು ಕೊಂಡು ತಂದನಂತೆ.

"ಹಲ್ಲಿ ಹೊಡೆಯುವುದಕ್ಕೆ ಪೊರಕೆ ಹಿಡಿದವಳು ನಾನು. ನನ್ನ ಹೊಟ್ಟೆಯಲ್ಲಿ ಇವನು ಹೇಗೆ ಹುಟ್ಟಿದನೋ" ಎಂದು ಅಕ್ಕ ಮೂರು ಹೊತ್ತೂ ಗೊಣಗುತ್ತಾಳೆ.

ನನಗೆ ಕುತೂಹಲ ಹುಟ್ಟಿಸಿದ್ದು ಹಲ್ಲಿಗಿಂತ ಅದಕ್ಕೆ ಅವನು ಕಟ್ಟಿರುವ ಮನೆ. ವಿಡಿಯೊ ಕರೆ ಮಾಡಿ ಮೂಲೆಮೂಲೆಯನ್ನೂ ತೋರಿಸಿದ. ಹಲ್ಲಿಗೆ ಮೈಯೊಳಗಿನ ಬಿಸಿ ಎಂಬುದಿಲ್ಲ. ಹೊರಗೆ ಮೈ ಕಾಯಿಸಿಕೊಂಡರೆ ಮಾತ್ರ ಓಡುತ್ತದೆ, ತಿಂದದ್ದು ಅರಗುತ್ತದೆ. ಅಷ್ಟು ಉತ್ತರದ ಊರಿನಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ, ದಕ್ಷಿಣದ ಅಂಚಿನಲ್ಲೇ ನಡೆದು ಹೋಗುತ್ತಾನೆ. ಆದ್ದರಿಂದ ಕಲ್ಲಿನ ರಾಶಿಯನ್ನು ದಕ್ಷಿಣಕ್ಕೆ ಇಳಿಜಾರಾಗಿ ಒಟ್ಟಿದ್ದಾನೆ. ಉತ್ತರಕ್ಕೆ ಗಾಳಿ ತಡೆಯುವ ಎತ್ತರದ ಗೋಡೆ. ಕಾಲೂರಿ ಹತ್ತಿ ಪರಾರಿಯಾಗದಂತೆ ಒಳಗೋಡೆಗೆಲ್ಲ ನುಣುಪಾದ ಹಾಳೆ. ಕೆಳಗೆ ಆಳಕ್ಕೆ ಅಗೆದು ಜಲ್ಲಿ, ಒಡೆದ ಇಟ್ಟಿಗೆ ತುಂಬಿದ್ದಾನೆ. ಚಳಿಗಾಲದಲ್ಲಿ ಮೇಲಿನ ಮಣ್ಣು ಹೆಪ್ಪುಗಟ್ಟಿದಾಗ ಅವು ಆ ಸಂದುಗಳಿಗೆ ಇಳಿದು ತಿಂಗಳುಗಟ್ಟಲೆ ಊಟವಿಲ್ಲದೆ ಮಲಗುತ್ತವೆ. ಅಲ್ಲಿ ನೀರು ನಿಂತಿತೋ, ಮಲಗಿದವು ಏಳುವುದಿಲ್ಲ. "ಚಳಿ ತಡೆಯುತ್ತವೆ ಮಾವ, ಒದ್ದೆ ಚಳಿ ತಡೆಯುವುದಿಲ್ಲ" ಎಂದ.

ಮಳೆ ತಪ್ಪಿಸಲು ಮೇಲೊಂದು ಗಾಜಿನ ಮುಚ್ಚಳವಿದೆ. ಅದರಲ್ಲೂ ಒಂದು ತೊಡಕು. ಗಾಜು ಬೆಳಕನ್ನು ಬಿಟ್ಟರೂ ಅತಿನೇರಳೆ-ಬಿ ಕಿರಣವನ್ನು ತಡೆದುಬಿಡುತ್ತದೆ. ಅದಿಲ್ಲದೆ ಹಲ್ಲಿಯ ಮೈಯಲ್ಲಿ ಡಿ ಜೀವಸತ್ವ ಹುಟ್ಟುವುದಿಲ್ಲ, ಮೂಳೆ ಮೆತ್ತಗಾಗುತ್ತದೆ. ಹಾಗಾಗಿ ಬಿಸಿಲು ಕಂಡೊಡನೆ ಮುಚ್ಚಳ ತೆಗೆಯಬೇಕು, ಮೋಡ ಕಂಡೊಡನೆ ಹಾಕಬೇಕು. ತೆಗೆದಾಗ ಬೆಕ್ಕು, ಹಕ್ಕಿ ಎರಗದಂತೆ ಬಲೆ ಹೊದಿಸಬೇಕು. ಆ ಊರಿನ ಆಕಾಶವನ್ನು ನಂಬಿ ಈ ಕೆಲಸಕ್ಕೆ ಇಳಿದವನು ಸಂಬಳದ ಕೆಲಸ ಯಾವಾಗ ಮಾಡುತ್ತಾನೋ! ಮೊಟ್ಟೆಯನ್ನಂತೂ ನೆಲಕ್ಕೆ ಬಿಡುವ ಮಾತೇ ಇಲ್ಲ. ಹೆಕ್ಕಿ ತಂದು ಒಳಗೆ 28 ಡಿಗ್ರಿಯ ಆಸುಪಾಸಿನಲ್ಲಿ ಕಾವು ಕೊಡುತ್ತಾನೆ. ಅಲ್ಲಿನದೇ ಒಂದು ಪುಟ್ಟ ಹಲ್ಲಿ ಈ ರಗಳೆಯೇ ಬೇಡವೆಂದು ಮೊಟ್ಟೆಯನ್ನು ಹೊಟ್ಟೆಯಲ್ಲೇ ಉಳಿಸಿಕೊಂಡು ಮರಿ ಹಾಕುತ್ತದೆ. ಅದೇ ಜಾತಿ ಆರ್ಕ್‌ಟಿಕ್ ವೃತ್ತದಾಚೆಗೂ ಬದುಕಿದೆ.

ಇಷ್ಟೆಲ್ಲ ಕೇಳಿದ ಮೇಲೆ ನನಗನ್ನಿಸಿದ್ದು, ನಮ್ಮ ಹುಡುಗ ಸಾಕುತ್ತಿರುವುದು ಹಲ್ಲಿಯನ್ನಲ್ಲ, ಬಿಸಿಲನ್ನು. ನೊಣ, ಜಿರಲೆ ಹಾಕಿದರೆ ಹಲ್ಲಿ ತನ್ನ ಪಾಡಿಗೆ ತಾನಿರುತ್ತದೆ. ಒಣ ಕಲ್ಲು, ಕಾದ ಕಲ್ಲು, ಬಿರುಕಿನ ಕಲ್ಲು ಒದಗಿಸುವುದೇ ಕಷ್ಟ. ಅವನು ಬೆವರು ಸುರಿಸಿ ಹಿತ್ತಲಲ್ಲಿ ಎಬ್ಬಿಸಿರುವುದು ಒಂದು ಅಂಗೈಯಗಲದ ದುರ್ಗ.

ಅಸಲಿ ದುರ್ಗದಲ್ಲಿ ಇದೆಲ್ಲ ಪುಕ್ಕಟೆ. ಮುಂಗಾರಿಗೆ ಮುಂಚೆ ಅಕ್ಕ-ತಂಗಿ ಹೊಂಡದ ಕಡೆ ಹೋಗಿ ನೋಡಬೇಕು. ಗಂಡು ಬಂಡೆ ಓತಿಗೆ ಬೆನ್ನೆಲ್ಲ ಕೆಂಪು-ಕಿತ್ತಳೆ, ಪಕ್ಕೆ ಕಡುಗಪ್ಪು. ಮುಂಗಾಲಿನ ಮೇಲೆ ಎದ್ದು ಎದ್ದು ಕುಳಿತು ದಂಡ ಹೊಡೆಯುತ್ತದೆ. ಇನ್ನೊಂದು ಗಂಡು ಬಂತೆಂದರೆ ನೋಡನೋಡುತ್ತಿದ್ದಂತೆ ಬಣ್ಣ ಬದಲಾಗುತ್ತದೆ. ಹೆಣ್ಣು ಮಾತ್ರ ಬಂಡೆಯದೇ ಬಣ್ಣ. ಅಲುಗಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಷಾಢದ ಗಾಳಿಗೆ ಸೋನೆ ಹಿಡಿದ ದಿನ ಎಲ್ಲವೂ ಬಿರುಕಿನೊಳಗೆ ಮಾಯ. ಮುಚ್ಚಳ ಹಾಕುವವರು ಬೇಕಿಲ್ಲ.

ತಪ್ಪಿಸಿಕೊಂಡರೆ ಏನು ಗತಿ ಎಂದು ಕೇಳಿದೆ. ಹೊರಗಿನ ಪ್ರಾಣಿಯನ್ನು ಅಲ್ಲಿ ಬಯಲಿಗೆ ಬಿಡುವುದು ಅಪರಾಧ. ಅದಕ್ಕೆ ಕಾರಣವೂ ಇದೆ. ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಖಾಸಗಿ ಮೃಗಾಲಯವೊಂದು ಮುಚ್ಚಿದಾಗ ಬಿಟ್ಟ ಗೋಡೆಹಲ್ಲಿಗಳು ಡಜನ್ನಿನಷ್ಟು, ಈಗ ಅವುಗಳ ಸಂತಾನವನ್ನು ಲಕ್ಷಗಳಲ್ಲಿ ಎಣಿಸುತ್ತಾರೆ. ನಮ್ಮಲ್ಲಿ ಕಾನೂನು ಇನ್ನೊಂದು ದಿಕ್ಕಿನದು. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ ಕಥೆಗಳನ್ನು ಹೇಳುತ್ತಾ ಬೆಳೆದ ನಾವು ಇವತ್ತು ಉಡವನ್ನು ಹಿಡಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮನ್ನು ಹಿಡಿಯುತ್ತದೆ. ಆ ಹಿಡಿತವೂ ಉಡದ್ದೇ.

ಬರುವ ಬೇಸಿಗೆಗೆ ಅಕ್ಕ ಅಲ್ಲಿಗೆ ಹೊರಟಿದ್ದಾಳೆ. ಶೇಂಗಾ ಚಟ್ನಿಪುಡಿ, ಕರಿದ ಸಂಡಿಗೆಯ ಜೊತೆಗೆ ಪಂಚಾಂಗವನ್ನೂ ಪೆಟ್ಟಿಗೆಗೆ ಸೇರಿಸಿದ್ದಾಳೆ. ತಲೆಗೆ ಬಿದ್ದರೆ ಏನು, ಬಲಭುಜಕ್ಕೆ ಬಿದ್ದರೆ ಏನು ಎಂಬ ಹಲ್ಲಿ ಬೀಳುವ ಫಲ ಆ ದೇಶದ ಹಲ್ಲಿಗೂ ಅನ್ವಯಿಸುತ್ತದೆಯೇ ಎಂದು ನನ್ನನ್ನು ಕೇಳಿದಳು. ಸಾಕಿದವನನ್ನೇ ಕೇಳು ಎಂದಿದ್ದೇನೆ.